ಬೆಟ್ಟದ ತಲೆ ಎಣಿಕೆ

ಗಡಿ ಎಳೆಯುವುದು ನನ್ನ ಕಸುಬು. ಯುದ್ಧ ಮಾಡಿ ಎಳೆಯುವ ಗಡಿಯಲ್ಲ. ಚೂಪು ಪೆನ್ಸಿಲ್, ಮೂರಡಿಯ ಸ್ಕೇಲು, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಇಷ್ಟರಲ್ಲೇ ಮುಗಿಯುವ ಗಡಿ. ಯಾವ ಚುನಾವಣಾ ಕ್ಷೇತ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಬೇಕೆಂದು ನಮ್ಮ ಕಚೇರಿ ಹತ್ತು ವರ್ಷಕ್ಕೊಮ್ಮೆ ತೀರ್ಮಾನಿಸುತ್ತದೆ. ತೀರ್ಮಾನ ಸಾಹೇಬರದ್ದು, ಗೆರೆ ನನ್ನದು, ಬೈಗುಳ ಇಬ್ಬರಿಗೂ ಸಮಪಾಲು.

ಇಪ್ಪತ್ತೆರಡು ವರ್ಷ ಆ ಮೇಜಿನ ಮೇಲೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ, ಆದರೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿದೆ. ಜನ ಯಾರಿಗೆ ಓಟು ಹಾಕುತ್ತಾರೆ ಎಂದು ತಿಳಿಯಲು ಭಾಷಣ ಕೇಳಬೇಕಿಲ್ಲ, ನಕ್ಷೆ ನೋಡಿದರೆ ಸಾಕು. ನಮ್ಮ ರಾಜ್ಯವನ್ನೇ ತೆಗೆದುಕೊಳ್ಳಿ. ಬಯಲಿನಲ್ಲಿ ಎಲ್ಲರ ಹೊಲಕ್ಕೂ ಒಂದೇ ಕಾಲುವೆಯ ನೀರು. ಮೇಲಿನ ಹೊಲದವನನ್ನು ಎದುರು ಹಾಕಿಕೊಂಡರೆ ಕೆಳಗಿನ ಹೊಲ ಒಣಗುತ್ತದೆ. ಹಾಗಾಗಿ ಕಾಲುವೆಯ ಕೀಲಿ ಯಾರ ಕೈಯಲ್ಲಿದೆಯೋ ಅವನಿಗೇ ಬಯಲಿನವರ ಓಟು. ಹಿಂದೆ ಅವನ ಅಪ್ಪನಿಗೆ ಹಾಕಿದ್ದರು, ಮುಂದೆ ಅವನ ಮಗನಿಗೆ ಹಾಕುತ್ತಾರೆ. ಬಂದರಿನಲ್ಲಿ ಯಾರಿಗೂ ಯಾರ ಅಪ್ಪನ ಪರಿಚಯವೂ ಇಲ್ಲ. ಎಲ್ಲರೂ ಎಲ್ಲಿಂದಲೋ ಹಡಗು ಹತ್ತಿ ಬಂದವರು. ಮುಖ ನಂಬುವುದಿಲ್ಲ, ಕಾಗದ ನಂಬುತ್ತಾರೆ. ಸಂಘ ಕಟ್ಟುತ್ತಾರೆ, ಠರಾವು ಪಾಸು ಮಾಡುತ್ತಾರೆ, ಮಾರನೇ ದಿನ ಆ ಠರಾವಿನ ವಿರುದ್ಧ ತಾವೇ ಮುಷ್ಕರ ಹೂಡುತ್ತಾರೆ. ಇನ್ನು ಬೆಟ್ಟದಲ್ಲಿ ಮನೆಯಿಂದ ಮನೆಗೆ ಒಂದು ಕೂಗಿನ ದೂರ. ಅಷ್ಟು ದೂರದಿಂದ ಜಗಳ ಆಡಬಹುದು, ರಾಜಿ ಮಾಡಿಕೊಳ್ಳಲು ಆಗುವುದಿಲ್ಲ. ಆದ್ದರಿಂದ ಅಲ್ಲಿ ಮನೆಗೊಂದು ಪಕ್ಷ.

ಇದು ನನ್ನ ತವರಿನ ಮೇಲಿನ ಕೋಪಕ್ಕೆ ಹೇಳಿದ ಮಾತಲ್ಲ. ನಾನು ಹುಟ್ಟಿದ್ದೇ ಬೆಟ್ಟದಲ್ಲಿ, ಜಗಳಕ್ಕೆ ನಾನೂ ಎತ್ತಿದ ಕೈ.

ವಿಧಾನಸಭೆಯಲ್ಲಿ ಬಯಲಿಗೆ ಮೂವತ್ತು ಸ್ಥಾನ, ಬಂದರಿಗೆ ಮೂವತ್ತು, ಬೆಟ್ಟಕ್ಕೆ ಒಂದು. ಕೂಡಿಸುವುದು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಯಾರು ಸರ್ಕಾರ ಮಾಡಬೇಕಾದರೂ ಬೆಟ್ಟದ ಆ ಒಬ್ಬ ಸದಸ್ಯ ಕೈ ಎತ್ತಬೇಕು. ಕೈ ಎತ್ತುವ ಮೊದಲು ಏನೇನು ಕೇಳಬೇಕು ಎಂದು ಬೆಟ್ಟದವರು ಅವನಿಗೆ ಪಾಠ ಹೇಳಿ ಕಳಿಸುತ್ತಾರೆ. ಒಂದು ಸರ್ಕಾರ ಬಂದಾಗ ಸೇತುವೆ ಬಂತು. ಅದು ಬಿದ್ದಾಗ, ಅಂದರೆ ಸರ್ಕಾರ ಬಿದ್ದಾಗ, ಡಾಂಬರು ರಸ್ತೆ ಬಂತು. ಹದಿನೆಂಟು ವರ್ಷದ ಹಿಂದೆ ಹತ್ತು ಹಾಸಿಗೆಯ ಹೆರಿಗೆ ಆಸ್ಪತ್ರೆ ಬಂತು. ಅದರ ನರ್ಸು ನನ್ನ ಅಕ್ಕ. ಅವಳ ಅಡುಗೆಮನೆಗೂ ಆಸ್ಪತ್ರೆಗೂ ನಡುವೆ ಒಂದೇ ಗೋಡೆ. ಆ ಕಡೆ ನರಳಿದರೆ ಈ ಕಡೆ ಒಲೆ ಆರಿಸಿ ಓಡುತ್ತಾಳೆ.

ಈ ಸಲದ ಜನಗಣತಿಯ ಪಟ್ಟಿ ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ನಿಯಮದ ಪ್ರಕಾರ ಒಂದು ಕ್ಷೇತ್ರದಲ್ಲಿ ಹತ್ತು ಸಾವಿರಕ್ಕಿಂತ ಕಡಿಮೆ ಜನ ಇರಬಾರದು, ಹನ್ನೆರಡು ಸಾವಿರ ದಾಟಬಾರದು. ಬೆಟ್ಟದ ಲೆಕ್ಕ ಒಂಬತ್ತು ಸಾವಿರದ ಒಂಬೈನೂರ ಅರವತ್ತೆರಡು.

ಸಾಹೇಬರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಅವರು ಕೆಟ್ಟವರಲ್ಲ, ಅಂಕಿ ಬಿಟ್ಟರೆ ಬೇರೇನೂ ಅವರ ಕಿವಿಗೆ ಬೀಳುವುದಿಲ್ಲ ಅಷ್ಟೆ.

"ಮೂವತ್ತೆಂಟು ಕಡಿಮೆ," ಎಂದರು. "ಬೆಟ್ಟಾನ ಬಯಲಿಗೆ ಸೇರಿಸಿಬಿಡಿ."

"ಸಾರ್, ಮೂವತ್ತೆಂಟೇ ಜನ..."

"ಒಬ್ಬರು ಕಡಿಮೆ ಆದ್ರೂ ಕಡಿಮೆನೇ. ಆಕ್ಷೇಪಣೆಗೆ ಹದಿನೈದು ದಿನ ಇದೆ. ಯಾರಾದ್ರೂ ಮರು ಎಣಿಕೆ ಕೇಳಿದ್ರೆ ನೋಡೋಣ."

ಸ್ಥಾನ ಹೋದರೆ ಕೈ ಎತ್ತುವವನು ಹೋಗುತ್ತಾನೆ. ಕೈ ಎತ್ತುವವನು ಹೋದರೆ ಆಸ್ಪತ್ರೆ ಹೋಗುತ್ತದೆ. ಆ ಹತ್ತು ಹಾಸಿಗೆಗಳ ಮೇಲೆ ಬಯಲಿನವರು ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಬೆಟ್ಟದಿಂದ ಬಯಲಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಮಗು ಹುಟ್ಟಲು ನಾಲ್ಕು ಗಂಟೆ ಕಾಯುತ್ತದೆಯೇ? ಅಕ್ಕನಿಗೆ ಫೋನು ಮಾಡಿದೆ.

"ಮೂವತ್ತೆಂಟು ತಾನೇ?" ಎಂದಳು ಅವಳು. "ಎಲ್ಲಾದ್ರೂ ಹುಡುಕಿ ಬರ್ಕೋ. ಜಾಸ್ತಿ ಕೆದಕಬೇಡ."

"ಹಾಗೆಲ್ಲ ಬರ್ಕೊಳ್ಳೋಕಾಗಲ್ಲ ಅಕ್ಕ. ನಾನೇ ಬರ್ತೀನಿ."

"ನೀನು ಬರೋದೇನೂ ಬೇಡ," ಎಂದು ಕಡ್ಡಿ ಮುರಿದಂತೆ ಹೇಳಿದಳು. ನಾನು ಹೋದೆ. ಅಕ್ಕ ಬೇಡ ಎಂದದ್ದನ್ನೆಲ್ಲ ಮಾಡಿಯೇ ನಾನು ದೊಡ್ಡವಳಾದದ್ದು.

ಎಣಿಕೆ ಎಲ್ಲಿ ಎಡವಿದೆ ಎಂದು ತಿಳಿಯಲು ದೂರ ಹೋಗಬೇಕಾಗಲಿಲ್ಲ. ಅಕ್ಕನ ಮನೆಯಲ್ಲೇ ಪಟ್ಟಿ ತೆರೆದೆ. ಮನೆಯಲ್ಲಿರುವವರು ಮೂರು ಎಂದಿತ್ತು. ತಲೆ ಎತ್ತಿ ನೋಡಿದರೆ ಎದುರಿಗೆ ಆರು ಜನ ಊಟಕ್ಕೆ ಕುಳಿತಿದ್ದರು. ಅಕ್ಕ, ಭಾವ, ಭಾವನ ತಾಯಿ, ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳ ಗಂಡ.

"ಭಾವ, ಇದೇನು ಮೂರು?"

ಭಾವ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಎಣಿಸೋನು ಬಂದಾಗ ಅಮ್ಮ ಮಲಗಿದ್ರು. ಎಬ್ಬಿಸಿ ತೋರಿಸೋಕಾಗತ್ತಾ? ಅಳಿಯ ಹೇಗಿದ್ರೂ ಬೇರೆ ಮನೆಯೋನು. ಚಿಕ್ಕೋಳು ನಾಳೆ ಮದುವೆಯಾಗಿ ಹೋಗ್ತಾಳೆ."

"ಮದುವೆ ಗೊತ್ತಾಗಿದೆಯಾ?"

"ಇನ್ನೂ ಇಲ್ಲ."

ಸರ್ಕಾರದವನು ಯಾವ ಸಂಖ್ಯೆ ಕೇಳಿದರೂ ಕಡಿಮೆ ಮಾಡಿ ಹೇಳುವುದು ಬೆಟ್ಟದವರ ರಕ್ತದಲ್ಲೇ ಇದೆ. ನನ್ನ ಅಜ್ಜನ ಕಾಲದಲ್ಲಿ ಒಬ್ಬ ಅಧಿಕಾರಿ ಬಂದು ಕುರಿ ಎಣಿಸಿಕೊಂಡು ಹೋದನಂತೆ. ಆಮೇಲೆ ಕುರಿಗಿಷ್ಟು ಎಂದು ತೆರಿಗೆ ಬಂತಂತೆ. ಅಂದಿನಿಂದ ಬೆಟ್ಟದವರು ಕುರಿಯನ್ನೂ ಮುಚ್ಚಿಡುತ್ತಾರೆ, ಕೂಸನ್ನೂ ಮುಚ್ಚಿಡುತ್ತಾರೆ. ಬಯಲಿನವರದ್ದು ಇದಕ್ಕೆ ತದ್ವಿರುದ್ಧ. ತಲೆಗಿಷ್ಟು ನೀರು ಸಿಗುವುದರಿಂದ ಅವರು ಹುಟ್ಟಬೇಕಾದ ಮಕ್ಕಳನ್ನೂ ಸೇರಿಸಿಯೇ ಬರೆಸುತ್ತಾರೆ.

ಸರಿ, ಇವರಿಗೆ ಬುದ್ಧಿ ಹೇಳಿದರಾಯಿತು ಎಂದುಕೊಂಡೆ. ಇಲ್ಲೇ ನಾನು ಮೊದಲ ಸಲ ಎಡವಿದ್ದು.

ಬೆಟ್ಟ ಒಂದಾದರೂ ಬದಿ ಎರಡು. ಬೆಳಗಿನ ಬಿಸಿಲು ಬೀಳುವ ಕಡೆ ಬಿಸಿಲುಬದಿ, ಅಕ್ಕನ ಮನೆಯೂ ಆಸ್ಪತ್ರೆಯೂ ಇರುವುದು ಇಲ್ಲೇ. ಆಚೆ ಕಡೆ ನೆರಳುಬದಿ. ನಡುವೆ ಬೆಟ್ಟದ ಬೆನ್ನು. ಅದನ್ನು ದಾಟಲು ಒಂದೂವರೆ ಗಂಟೆಯ ಕಾಲುದಾರಿ. ಈ ಬದಿಯವರಿಗೆ ಆ ಬದಿಯವರನ್ನು ಕಂಡರೆ ಆಗುವುದಿಲ್ಲ. ಕಾರಣ ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಡುತ್ತಾರೆ, "ಅವರೇ ಶುರು ಮಾಡಿದ್ದು."

ನಾನು ಬೆಳಿಗ್ಗೆ ಬಿಸಿಲುಬದಿಯ ಶಾಲೆಯಲ್ಲಿ ಸಭೆ ಮಾಡಿದೆ, ಮಧ್ಯಾಹ್ನ ನೆರಳುಬದಿಯ ಗಿರಣಿಯ ಅಂಗಳದಲ್ಲಿ. ಎರಡೂ ಕಡೆ ಅದೇ ಮಾತು ಹೇಳಿದೆ. ಜನ ಕಡಿಮೆ ಬಿದ್ದರೆ ನಮ್ಮ ಸ್ಥಾನ ಹೋಗುತ್ತದೆ, ಆಸ್ಪತ್ರೆ ಹೋಗುತ್ತದೆ, ದಯವಿಟ್ಟು ಮನೆಯಲ್ಲಿ ಎಷ್ಟು ಜನ ಇದ್ದೀರೋ ಅಷ್ಟನ್ನೂ ಒಪ್ಪಿಕೊಳ್ಳಿ. ಬಿಸಿಲುಬದಿಯ ಮೇಷ್ಟ್ರು ಎದ್ದು ನಿಂತು, "ನಮ್ಮ ಕರ್ತವ್ಯ ನಾವು ಮಾಡ್ತೀವಿ," ಎಂದರು. ನೆರಳುಬದಿಯ ಗಿರಣಿಯವನು ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಒಂದು ಪ್ರಶ್ನೆ ಕೇಳಿದ.

"ಆಸ್ಪತ್ರೆ ಆದೇಶದಲ್ಲಿ, ಯಾವ ಬದೀಲಿ ಜನ ಜಾಸ್ತಿ ಇದಾರೋ ಆ ಬದೀಲಿ ಅಂತ ಇದೆ ಅಲ್ವಾ?"

"ಇದೆ. ಆಗಿನ ಗಣತೀಲಿ ಬಿಸಿಲುಬದಿ ಜಾಸ್ತಿ ಇತ್ತು."

"ಹೌದೌದು," ಎಂದು ಅವನು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ನಾನು ಸರಿಯಾಗಿ ನೋಡಬೇಕಿತ್ತು.

ವಾರ ಕಳೆದು, ಬೆಟ್ಟದವರು ಕೇಳಿದ ಮರು ಎಣಿಕೆಯ ಪಟ್ಟಿ ಕಚೇರಿಗೆ ಬಂತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹದಿಮೂರು ಸಾವಿರದ ನೂರ ನಲವತ್ತು.

"ಒಂದು ವಾರದಲ್ಲಿ ಮೂರು ಸಾವಿರ ಹೆರಿಗೆ," ಎಂದರು. "ನಿಮ್ಮ ಅಕ್ಕ ನರ್ಸಲ್ವಾ? ಪಾಪ, ಕೈ ನೋವು ಬಂದಿರಬೇಕು."

ನಡೆದದ್ದು ಇಷ್ಟು. ಗಿರಣಿಯವನ ಪ್ರಶ್ನೆ ಸಂಜೆಯೊಳಗೆ ಬೆಟ್ಟದ ಬೆನ್ನು ದಾಟಿತ್ತು. ನೆರಳುಬದಿಯವರು ಜನ ಹೆಚ್ಚಿಸಿ ಆಸ್ಪತ್ರೆ ಕಿತ್ತುಕೊಳ್ಳುತ್ತಾರೆ ಎಂದು ಬಿಸಿಲುಬದಿಯವರು ಮನೆಗೆ ಒಂದು ತಲೆ ಜಾಸ್ತಿ ಬರೆಸಿದರು. ಬಿಸಿಲುಬದಿಯವರು ಹೇಗೂ ಸುಳ್ಳು ಬರೆಸುತ್ತಾರೆ ಎಂದು ನೆರಳುಬದಿಯವರು ಎರಡು ಬರೆಸಿದರು. ಸತ್ತವರು ಎದ್ದು ಬಂದಿದ್ದರು. ಮೇಷ್ಟ್ರ ಮನೆಯ ಪಟ್ಟಿಯಲ್ಲಿ ಒಂದು ಹೆಸರಿನ ಮುಂದೆ "ವಯಸ್ಸು ಒಂಬತ್ತು, ಕೆಲಸ ಹೊರೆ ಹೊರುವುದು" ಎಂದಿತ್ತು. ವಿಚಾರಿಸಿದರೆ ಅದು ಹೇಸರಗತ್ತೆ. ವಯಸ್ಸು, ಕೆಲಸ ಎರಡರಲ್ಲೂ ಮೇಷ್ಟ್ರು ಸುಳ್ಳು ಹೇಳಿರಲಿಲ್ಲ.

ನನಗೆ ನಗು ಬರಲಿಲ್ಲ. ಹನ್ನೆರಡು ಸಾವಿರ ದಾಟಿದರೆ ಕ್ಷೇತ್ರವನ್ನು ಎರಡು ಮಾಡಬೇಕು. ಸಾಹೇಬರು ಬೆಟ್ಟದ ಬೆನ್ನಿನ ಮೇಲೆ ಬೆರಳಾಡಿಸಿ, "ಇಲ್ಲಿ ಕತ್ತರಿಸಿ. ಅರ್ಧದಲ್ಲಿ ಹತ್ತು ಸಾವಿರ ಬರಲ್ಲ. ಈ ಅರ್ಧ ಈ ಕಡೆ ಬಯಲಿಗೆ, ಆ ಅರ್ಧ ಆ ಕಡೆ ಬಯಲಿಗೆ," ಎಂದರು. ಕಡಿಮೆ ಬಿದ್ದಾಗ ಒಂದೇ ತುಂಡಾಗಿ ಮುಳುಗಬೇಕಿದ್ದ ಬೆಟ್ಟ ಈಗ ಎರಡು ತುಂಡಾಗಿ ಮುಳುಗುವುದರಲ್ಲಿತ್ತು. ಆ ಗೆರೆ ಎಳೆಯಬೇಕಾದವಳೂ ನಾನೇ.

ಪೆನ್ಸಿಲ್ ಹಿಡಿದು ಬೆಟ್ಟದ ಬೆನ್ನಿನ ಮೇಲೆ ಇಟ್ಟೆ. ಕೈ ಓಡಲಿಲ್ಲ. ಆಗಲೇ ನನಗೊಂದು ಉಪಾಯ ಹೊಳೆದದ್ದು. ಇವತ್ತಿಗೂ ಅದು ಒಳ್ಳೆಯ ಉಪಾಯವೇ ಎಂದು ನನ್ನ ವಾದ.

"ಸಾರ್," ಎಂದೆ, "ಬಿಸಿಲುಬದಿಯನ್ನ ನೆರಳುಬದಿಯವರ ಕೈಲಿ ಎಣಿಸೋಣ. ನೆರಳುಬದಿಯನ್ನ ಬಿಸಿಲುಬದಿಯವರ ಕೈಲಿ. ಒಂದು ಸುಳ್ಳು ತಲೆ ಸೇರೋಕೆ ಬಿಡ್ತಾರಾ ಅವರು?"

"ಬಿಡಲ್ಲ. ಆದ್ರೆ ಹೊಟ್ಟೆಕಿಚ್ಚಿಗೆ ಇರೋ ತಲೇನೂ ಬಿಟ್ಟುಬಿಟ್ರೆ?"

"ಬಿಟ್ರೆ ಹತ್ತು ಸಾವಿರಕ್ಕಿಂತ ಕಡಿಮೆ ಆಗಿ ಇಬ್ಬರದ್ದೂ ಸೀಟು ಹೋಗತ್ತೆ. ಅದು ಅವರಿಗೆ ಚೆನ್ನಾಗಿ ಗೊತ್ತು."

ಸಾಹೇಬರು ತುಂಬ ಹೊತ್ತು ನಕ್ಷೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. "ನಾನೂ ಬರ್ತೀನಿ," ಎಂದರು.

ಸುದ್ದಿ ಕೇಳಿ ಅಕ್ಕ ಕೆಂಡಾಮಂಡಲವಾದಳು. ಹೆರಿಗೆ ಕೋಣೆಯಲ್ಲಿ ಕತ್ತರಿ, ಚಿಮಟಗಳನ್ನು ಕುದಿಯುವ ನೀರಿಗೆ ಹಾಕುತ್ತಿದ್ದವಳು ನನ್ನತ್ತ ತಿರುಗಿಯೂ ನೋಡಲಿಲ್ಲ.

"ನಿನಗೆ ಬೇಕಿದ್ದಿದ್ದು ಮೂವತ್ತೆಂಟು ಜನ. ನಮ್ಮ ಮನೇಲೇ ಮೂರು ಸಿಕ್ತು. ಪಕ್ಕದ ಹತ್ತು ಮನೆ ಬಾಗಿಲು ಬಡಿದಿದ್ರೆ ಮುಗೀತಿತ್ತು. ಇಡೀ ಬೆಟ್ಟ ಯಾಕೆ ಎಣಿಸ್ತೀಯಾ?"

"ಎಣಿಸಿದ್ರೆ ಸರಿಯಾಗಿ ಎಣಿಸಬೇಕು ಅಕ್ಕ."

"ಯಾರು ಹೇಳಿದ್ರು?"

ಅಕ್ಕನಿಗೆ ವಯಸ್ಸಾಗುತ್ತಿದೆ, ಮಂಡಿನೋವು ಬೇರೆ, ಸಿಡುಕು ಜಾಸ್ತಿಯಾಗಿದೆ ಎಂದುಕೊಂಡು ಹೊರಗೆ ಬಂದೆ. ಜಂಬ ಎಷ್ಟಿತ್ತೆಂದರೆ, ಅವಳು ಹೆದರಿದ್ದಾಳೆ ಎಂಬುದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ಭಾನುವಾರ ಬೆಳಿಗ್ಗೆ ನೂರು ಜನ ಈ ಕಡೆಯಿಂದ, ನೂರು ಜನ ಆ ಕಡೆಯಿಂದ ಬೆಟ್ಟದ ಬೆನ್ನು ಹತ್ತಿದರು. ಮೇಲೆ ಎದುರುಬದುರಾದಾಗ ಒಬ್ಬರ ಮುಖ ಒಬ್ಬರು ನೋಡದೆ ದಾರಿ ಬಿಟ್ಟು ನಡೆದರು. ಕೈಯಲ್ಲಿ ಪಟ್ಟಿ, ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಸೀಮೆಸುಣ್ಣ. ಎಣಿಸಿದವರ ತೋಳಿಗೆ ಸೀಮೆಸುಣ್ಣದ ಗೀಟು. ಗೀಟು ಇದ್ದವರನ್ನು ಮತ್ತೆ ಎಣಿಸುವಂತಿಲ್ಲ, ಎಂಜಲು ಹಚ್ಚಿ ಒರೆಸಿದ ಗುರುತು ಕಂಡರೆ ವಿಚಾರಣೆ.

ಅಂಥ ಎಣಿಕೆಯನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ. ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದರು. ಮಂಚದ ಕೆಳಗೆ ಬಗ್ಗಿ ನೋಡಿದರು, ಅಟ್ಟ ಹತ್ತಿದರು. ಮೇಷ್ಟ್ರ ಮನೆಯಲ್ಲಿ ತೊಟ್ಟಿಲಿನ ಮಗುವನ್ನು ನೋಡಿ ಗಿರಣಿಯವನು ಅನುಮಾನಪಟ್ಟ.

"ಇದನ್ನ ಹಿಂದಿನ ಮನೇಲಿ ನೋಡ್ದಂಗಿದೆ."

"ಎಲ್ಲಾ ಮಗೂನೂ ಹಂಗೇ ಇರತ್ತೆ ಕಣಯ್ಯಾ!" ಎಂದು ಮಗುವಿನ ತಾಯಿ ಸಿಡಿದಳು.

"ಒಂದೇ ಸಲ ಎರಡನ್ನೂ ಅಳಿಸಿ ತೋರಿಸಿ," ಎಂದು ಗಿರಣಿಯವನು ಪಟ್ಟು ಹಿಡಿದ. ಹಿಂದಿನ ಮನೆಯವರು ತಮ್ಮ ಮಗುವನ್ನು ಚಿವುಟಿದರು, ಈ ಮನೆಯವರು ತಮ್ಮದನ್ನು. ಎರಡು ಕಡೆಯಿಂದಲೂ ಅಳು ಕೇಳಿದ ಮೇಲೆಯೇ ಅವನು ಎರಡು ಎಂದು ಬರೆದುಕೊಂಡ. ಆಮೇಲೆ ಹೇಸರಗತ್ತೆಯ ಮುಂದೆ ನಿಂತು, ಪಟ್ಟಿ ನೋಡಿ, ಮೇಷ್ಟ್ರನ್ನು ನೋಡಿ, ಒಂದು ಹೆಸರು ಹೊಡೆದು ಹಾಕಿದ. ಮೇಷ್ಟ್ರು ಆಕಾಶ ನೋಡುತ್ತಿದ್ದರು.

ಆ ಕಡೆ ನೆರಳುಬದಿಯಲ್ಲಿ ಒಬ್ಬ ಮುದುಕ, ಈ ಬಿಸಿಲುಬದಿಯವರಿಗೆಲ್ಲ ನಾನು ಲೆಕ್ಕ ಕೊಡುವುದಿಲ್ಲ ಎಂದು ಮರ ಹತ್ತಿ ಕುಳಿತಿದ್ದನಂತೆ. ಕೆಳಗೆ ನಿಂತ ಬಿಸಿಲುಬದಿಯವರು ಅವನನ್ನು ಬಿಟ್ಟು ಹೋಗಲಿಲ್ಲ. ಏಣಿ ತಂದು, ಹತ್ತಿ, ಅವನ ತೋಳಿಗೆ ಗೀಟು ಎಳೆದರು. "ನೀನು ನಮ್ಮ ವೈರಿ ಇರಬಹುದು ತಾತ, ಆದ್ರೆ ನಮ್ಮ ಸೀಟಿಗೆ ಬೇಕು," ಎಂದರಂತೆ. ಮುದುಕ ತನ್ನನ್ನು ಇಷ್ಟು ಗೌರವದಿಂದ ಯಾರೂ ಕಂಡಿರಲಿಲ್ಲ ಎಂದು ಹೇಳಿಕೊಂಡು ಓಡಾಡುತ್ತಿದ್ದಾನಂತೆ.

ಸಾಹೇಬರು ಮನೆಯಿಂದ ಮನೆಗೆ ನನ್ನ ಹಿಂದೆಯೇ ಬಂದರು. ಬೂಟಿನ ತುಂಬ ಕೆಸರು, ಮುಖದ ತುಂಬ ಸಂತೋಷ. "ಇದನ್ನ ಎಲ್ಲಾ ಕಡೆ ಮಾಡಿಸಬೇಕು," ಎಂದು ಹತ್ತು ಸಲ ಹೇಳಿದರು. ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

ನಾಲ್ಕು ಗಂಟೆಗೆ ಎರಡೂ ಬದಿಯ ಪಟ್ಟಿಗಳು ಬಿಸಿಲುಬದಿಯ ಶಾಲೆಗೆ ಬಂದವು. ಸಾಹೇಬರು ಕೂಡಿಸಿದರು, ನಾನು ಕೂಡಿಸಿದೆ, ಮೇಷ್ಟ್ರು ಕೂಡಿಸಿದರು, ಗಿರಣಿಯವನೂ ಬೆರಳು ಮಡಿಸಿ ಕೂಡಿಸಿದ. ನಾಲ್ವರದ್ದೂ ಒಂದೇ ಬಂತು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು. ಬೆಟ್ಟದ ಒಟ್ಟು ಜನ ಹತ್ತು ಸಾವಿರದ ಏಳುನೂರ ಮೂವತ್ತೆಂಟು.

ಶಾಲೆಯ ಹೆಂಚು ಹಾರಿಹೋಗುವಂತೆ ಕೂಗು ಎದ್ದಿತು. ಸ್ಥಾನ ಉಳಿಯಿತು. ಕೈ ಎತ್ತುವವನು ಉಳಿದ. ಆಸ್ಪತ್ರೆ ಬೆಟ್ಟದಲ್ಲೇ ಉಳಿಯಿತು. ಬಿಸಿಲುಬದಿಯವರು ನೆರಳುಬದಿಯವರ ಹೆಗಲ ಮೇಲೆ ಕೈ ಹಾಕಿ ಕುಣಿದರು. ಆ ಸ್ನೇಹ ಸುಮಾರು ಎರಡು ನಿಮಿಷ ಬಾಳಿತು.

"ಬದಿವಾರು ಲೆಕ್ಕಾನೂ ಬರೀರಿ ಮೇಷ್ಟ್ರೇ," ಎಂದ ಗಿರಣಿಯವನು.

ಮೇಷ್ಟ್ರು ಉತ್ಸಾಹದಲ್ಲಿದ್ದರು, ಬರೆದರು. ಬಿಸಿಲುಬದಿ ಐದು ಸಾವಿರದ ಇನ್ನೂರ ಹದಿಮೂರು. ನೆರಳುಬದಿ ಎಂದು ಬರೆದು, ಐದು ಸಾವಿರದ ಐನೂರ ಎಂಬಲ್ಲಿಗೆ ಬಂದಾಗ ಅವರ ಕೈ ನಿಂತಿತು. ಉಳಿದ ಇಪ್ಪತ್ತೈದನ್ನು ಗಿರಣಿಯವನೇ ಸೀಮೆಸುಣ್ಣ ಇಸಿದುಕೊಂಡು ಬರೆದ.

ನೆರಳುಬದಿಯಲ್ಲಿ ಮುನ್ನೂರ ಹನ್ನೆರಡು ಜನ ಜಾಸ್ತಿ. ಯಾರೂ ವಾದಿಸುವಂತಿರಲಿಲ್ಲ, ಎಣಿಸಿದವರು ಬಿಸಿಲುಬದಿಯವರೇ ಆಗಿದ್ದರು. ಹದಿನೆಂಟು ವರ್ಷದ ಹಿಂದೆ ನೆರಳುಬದಿಯವರು ಬಿಸಿಲುಬದಿಯವರಿಗಿಂತ ಚೆನ್ನಾಗಿ ತಮ್ಮ ಮಕ್ಕಳನ್ನು ಮುಚ್ಚಿಟ್ಟಿದ್ದರು, ಅಷ್ಟೆ. ಗಿರಣಿಯವನು ಜೇಬಿನಿಂದ ಮಡಿಚಿದ ಆದೇಶದ ಪ್ರತಿ ತೆಗೆದು ಸಾಹೇಬರ ಕೈಗೆ ಕೊಟ್ಟ. ಸಾಹೇಬರು ಎರಡು ಸಲ ಓದಿದರು. "ಸ್ಪಷ್ಟವಾಗಿದೆ," ಎಂದರು. "ಜನ ಜಾಸ್ತಿ ಇರೋ ಬದಿ ಬದಲಾದ್ರೆ ತಿಂಗಳೊಳಗೆ ಆಸ್ಪತ್ರೆ ಆ ಬದಿಗೆ ಹೋಗಬೇಕು."

ನಾನು ಅಕ್ಕನನ್ನು ಹುಡುಕಿದೆ. ಶಾಲೆಯಲ್ಲಿ ಇರಲಿಲ್ಲ. ಆಸ್ಪತ್ರೆಗೆ ಓಡಿದೆ. ಅವಳು ಹೊಸ ತಾಯಿಯೊಬ್ಬಳಿಗೆ ಮಗುವನ್ನು ಎದೆಗೆ ಹಿಡಿಯುವುದು ಹೇಗೆ ಎಂದು ತೋರಿಸುತ್ತಿದ್ದಳು. ಮುಗಿಸಿ, ಕೈ ತೊಳೆದು, ಹೊರಗಿನ ಬೆಂಚಿನ ಮೇಲೆ ಕುಳಿತು ಮಂಡಿ ಒತ್ತಿಕೊಂಡಳು. ನನಗೆ ಅಳು ಬಂದಿತ್ತು.

"ಮುನ್ನೂರ ಹನ್ನೆರಡು," ಎಂದೆ.

"ಗೊತ್ತು," ಎಂದಳು.

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಎರಡೂ ಬದೀಲಿ ಹುಟ್ಟಿದ ಮಗೂನೆಲ್ಲಾ ಈಚೆ ಎಳೆದಿರೋ ಕೈ ಇದು. ಲಸಿಕೆ ಹಾಕೋಕೆ ಮನೆ ಮನೆ ಸುತ್ತೋಳು ನಾನು. ಯಾರು ಬಂದ್ರು, ಯಾರು ಹೋದ್ರು, ನಿನ್ನ ಪಟ್ಟಿಗಿಂತ ಮೊದಲೇ ನನಗೆ ಗೊತ್ತಾಗತ್ತೆ. ಅವರು ಜಾಸ್ತಿ ಇದಾರೆ ಅಂತ ಬಂದ ಮೊದಲನೇ ವರ್ಷವೇ ಗೊತ್ತಿತ್ತು."

ಹದಿನೆಂಟು ವರ್ಷ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅಡುಗೆಮನೆಗೆ ಅಂಟಿದ ಗೋಡೆಗಾಗಿ, ನೋಯುವ ಮಂಡಿಗಾಗಿ. ಆ ಗುಟ್ಟನ್ನು ನಾನು ಒಂದು ಭಾನುವಾರದಲ್ಲಿ ಕಪ್ಪು ಹಲಗೆಯ ಮೇಲೆ ಬರೆಸಿಬಿಟ್ಟಿದ್ದೆ.

"ನನಗಾದ್ರೂ ಹೇಳಬಾರದಿತ್ತಾ ಅಕ್ಕ?"

"ಹೇಳಿದ್ರೆ ನೀನು ಬರ್ಕೊಂಡುಬಿಡ್ತಿದ್ದೆ."

ಸುಳ್ಳಲ್ಲ. ಬರೆದುಕೊಳ್ಳುತ್ತಿದ್ದೆ. ಅವಳ ಪಕ್ಕ ಕುಳಿತು ಅತ್ತೆ. ಅವಳು ಸ್ವಲ್ಪ ಹೊತ್ತು ಅಳಲು ಬಿಟ್ಟು, ಆಮೇಲೆ ಮೊಣಕೈಯಿಂದ ತಿವಿದಳು.

"ಸಾಕು ಸುಮ್ಮನಿರೆ. ಆ ಬದಿ ಹೆಣ್ಣುಮಕ್ಕಳು ಹದಿನೆಂಟು ವರ್ಷ ಆ ಹೊಟ್ಟೆ ಹೊತ್ಕೊಂಡು ಬೆಟ್ಟ ಹತ್ತಿ ಇಳಿದು ನನ್ನ ಹತ್ರ ಬಂದ್ರು. ಇಬ್ಬರು ದಾರೀಲೇ ಹೆತ್ರು. ಅವತ್ತು ರಾತ್ರಿಯೆಲ್ಲಾ ನನಗೆ ನಿದ್ದೆ ಬರ್ಲಿಲ್ಲ, ಆದ್ರೂ ಬಾಯಿ ಬಿಡ್ಲಿಲ್ಲ. ಈಗ ನಾನು ಮಂಡಿ ಹೊತ್ಕೊಂಡು ನಡೀತೀನಿ. ಅದರಲ್ಲೇನಿದೆ?"

ಹೀಗೆಂದು ಎದ್ದು ಒಳಗೆ ಹೋದಳು. ನಾನು ಮಾರನೇ ದಿನ ಕಚೇರಿಗೆ ಬಂದು, ಗಾಜಿನ ಮೇಜಿನ ದೀಪ ಹಾಕಿ, ಬಿಸಿಲುಬದಿಯಲ್ಲಿದ್ದ ಆಸ್ಪತ್ರೆಯ ಗುರುತನ್ನು ರಬ್ಬರಿನಿಂದ ಅಳಿಸಿದೆ. ನೆರಳುಬದಿಯಲ್ಲಿ ಅದನ್ನು ಬರೆಯುವಾಗ, ನಡುವಿನ ಆ ಕಾಲುದಾರಿಯನ್ನು ಸ್ಕೇಲಿನಲ್ಲಿ ಅಳೆದು ನೋಡಿದೆ. ನಕ್ಷೆಯ ಮೇಲೆ ಅದು ನನ್ನ ಉಗುರಿನಷ್ಟೂ ಇರಲಿಲ್ಲ.